ಹಳೆಯ ಜೀಪನ್ನು ಬಿಚ್ಚಿ ಕಟ್ಟುವ ಮುನ್ನ

ಕಳೆದ ಆಟಿ ತಿಂಗಳಲ್ಲಿ ಒಂದು ಸಂಜೆ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ನನ್ನನ್ನು ನೆರೆಯ ಅಡಿಕೆ ಕೃಷಿಕರೊಬ್ಬರು ದಾರಿಯಲ್ಲಿ ನಿಲ್ಲಿಸಿದರು. ಕೊಡೆ ಮಡಚಿ ಅಂಗಡಿಯ ಜಗಲಿಯಲ್ಲಿ ಕುಳಿತ ಮೇಲೆ ಮಾತು ತೆಗೆದರು.

“ಮಾಷ್ಟ್ರೇ, ಅಪ್ಪ ತೆಗೆದ ಜೀಪು ಹಟ್ಟಿಯ ಪಕ್ಕದಲ್ಲಿ ನಿಂತು ಆರು ವರ್ಷ ಆಯಿತು. ಗುಜರಿಯವನು ಬಂದು ಕೇಳಿ ಹೋದ. ಕೊಡಲು ಮನಸ್ಸು ಬರುವುದಿಲ್ಲ. ಪೂರ್ತಿ ಬಿಚ್ಚಿ ಹೊಸದು ಮಾಡಿದರೆ ಆಗದೇ?”

“ಆಗದೆ ಏನು ಅಣ್ಣಾ? ಆದರೆ ಸ್ಪಾನರು ಹಿಡಿಯುವ ಮೊದಲು ಪೆನ್ಸಿಲು ಹಿಡಿಯಬೇಕು” ಎಂದೆ.

ಅವರು ನಕ್ಕರು. ನಾನು ಮಾತ್ರ ತಮಾಷೆಗೆ ಹೇಳಿದ್ದಲ್ಲ. ಆ ಪಾಠವನ್ನು ನಾನು ಕಲಿತದ್ದು ದೊಡ್ಡ ಬೆಲೆ ತೆತ್ತು. ನಮ್ಮ ಗುಡ್ಡದ ಊರುಗಳಲ್ಲಿ ಇಂಥ ಹಳೆಯ ಜೀಪುಗಳು ಇನ್ನೂ ಎಷ್ಟೋ ಮನೆಗಳಲ್ಲಿ ಇರುವುದರಿಂದ, ಅವರಿಗೆ ಹೇಳಿದ ವಿಷಯವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಎಪ್ರಿಲ್ ರಜೆ ಸಿಕ್ಕಿದ ಮರುದಿನವೇ ನಮ್ಮ ಜೀಪನ್ನು ಬಿಚ್ಚತೊಡಗಿದೆ. ಎರಡು ತಿಂಗಳು ಸಮಯವಿದೆ, ಸಾಕು ಎಂಬ ಧೈರ್ಯ. ನಾಲ್ಕೇ ದಿನಗಳಲ್ಲಿ ಅಂಗಳದ ತುಂಬ ಕಬ್ಬಿಣ ಹರಡಿತು. ಕಣ್ಣಿಗೆ ಚೆನ್ನಾಗಿ ಕಾಣುವ ಕೆಲಸ ಮೊದಲಾಗಲಿ ಎಂದು ಬಾಡಿಗೆ ತಗಡು ಹಾಕಿಸಿ ಬಣ್ಣ ಬಳಿಸಿದೆ. ಆಮೇಲೆ ಚಾಸಿ ನೋಡಿದರೆ ಹಿಂದಿನ ಅಡ್ಡಪಟ್ಟಿಯಲ್ಲಿ ಬಿರುಕು. ಅದನ್ನು ವೆಲ್ಡ್ ಮಾಡಿಸುವಾಗ ಹೊಸ ಬಣ್ಣ ಸುಟ್ಟು ಹೋಯಿತು. ಅಷ್ಟರಲ್ಲಿ ಶಾಲೆ ತೆರೆಯಿತು, ಮಳೆ ಹಿಡಿಯಿತು. ನಮ್ಮ ಮಣ್ಣಿನ ರಸ್ತೆಯಲ್ಲಿ ಆಟೋರಿಕ್ಷಾ ಬಾರದ ಕಾಲ ಅದು. ಜೀಪು ಬೇಕಾದ ಕಾಲದಲ್ಲಿಯೇ ಜೀಪು ತುಂಡುತುಂಡಾಗಿ ಬಿದ್ದಿತ್ತು. ಆ ಮಳೆಗಾಲದಲ್ಲಿ ನೆರೆಮನೆಯ ಅಜ್ಜಿಗೆ ಸೌಖ್ಯವಿಲ್ಲದಾಗ ನಾಲ್ಕು ಮಂದಿ ಕುರ್ಚಿಯಲ್ಲಿ ಹೊತ್ತು ಡಾಮರು ರಸ್ತೆ ಮುಟ್ಟಿಸಿದರು. ಅಜ್ಜಿ ಗುಣವಾಗಿ ಬಂದರು. ಆದರೆ ಹೊತ್ತವರಲ್ಲಿ ನಾನೂ ಒಬ್ಬ, ಆ ದಾರಿಯನ್ನು ಮರೆತಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮುಂದಿನದು. ಕೈಯಲ್ಲಿದ್ದ ಹಣ ಬಣ್ಣಕ್ಕೂ ಸೀಟಿಗೂ ಮುಗಿದಿತ್ತು. ಬ್ರೇಕಿನ ರಬ್ಬರು ಹೋಸು ಹಳೆಯದೇ ಇರಲಿ, ಮುಂದಿನ ವರ್ಷ ನೋಡೋಣ ಎಂದು ಜೋಡಿಸಿಬಿಟ್ಟೆವು. ಗೋಟಡಿಕೆಯ ಚೀಲಗಳನ್ನೂ ಇಬ್ಬರು ಕೆಲಸದವರನ್ನೂ ಕುಳ್ಳಿರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಆ ಹೋಸು ಒಡೆಯಿತು. ಪೆಡಲು ನೆಲಕ್ಕೆ ಹೋಯಿತು. ದಾರಿ ಬದಿಯ ಮಣ್ಣಿನ ಬರೆಗೆ ಗಾಡಿಯನ್ನು ಒರಗಿಸಿ ನಿಲ್ಲಿಸಿದೆ. ಒಬ್ಬನ ಮಣಿಕಟ್ಟು ಮುರಿಯಿತು, ಅಷ್ಟರಲ್ಲಿ ಮುಗಿಯಿತು. ಎಡಗಡೆ ಬರೆಯಿದ್ದ ಕಡೆಯೇ ಅದು ಒಡೆದದ್ದು ನಮ್ಮ ಪುಣ್ಯ. ಬಲಗಡೆ ತೋಡು.

ಅಂದಿನಿಂದ ನಾನು ಒಂದು ಸೂತ್ರ ಮಾಡಿಕೊಂಡಿದ್ದೇನೆ. ಗಾಡಿ ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಆಮೇಲೆ ಓಡಬೇಕು, ಎಲ್ಲಕ್ಕಿಂತ ಕೊನೆಗೆ ಮೆರೆಯಬೇಕು. ಹಣವನ್ನೂ ಸಮಯವನ್ನೂ ಈ ಕ್ರಮದಲ್ಲಿಯೇ ವೆಚ್ಚ ಮಾಡತಕ್ಕದ್ದು. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದದ್ದು ಅದರ ವಿವರಣೆ.

ಜೀಪನ್ನೇ ಏಕೆ ಹೀಗೆ ಕಟ್ಟಬಹುದು?

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೇರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧಭೂಮಿಯಲ್ಲಿ ಬಿಚ್ಚಿ ಜೋಡಿಸಲು ಸುಲಭವಾಗಿರಬೇಕೆಂಬುದು ಅದರ ರಚನೆಯಲ್ಲಿಯೇ ಇತ್ತು. ಯುದ್ಧ ಮುಗಿದ 1945ರಲ್ಲಿಯೇ ವಿಲ್ಲಿಸ್ ಕಂಪೆನಿಯು ಇದನ್ನು ರೈತನ ಗಾಡಿಯೆಂದು ಮಾರತೊಡಗಿತು. ಹಿಂಬದಿಯಿಂದ ಶಕ್ತಿ ಪಡೆಯುವ ಶಾಫ್ಟು ಜೋಡಿಸಿ ಗರಗಸ, ಪಂಪು, ಒಕ್ಕಣೆಯಂತ್ರಗಳನ್ನು ನಡೆಸುತ್ತಿದ್ದರು. ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯು 1940ರ ದಶಕದ ಕೊನೆಗೆ ವಿಲ್ಲಿಸ್ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ತೊಡಗಿ, ಮುಂದೆ ಇಲ್ಲಿಯೇ ತಯಾರಿಸಿತು.

ನಮ್ಮ ಕಡೆ ಉಳಿದಿರುವ ಹಳೆಯ ಪೆಟ್ರೋಲು ಜೀಪುಗಳು ಹೆಚ್ಚಾಗಿ ಸಿ.ಜೆ. 3 ಬಿ ಎಂಬ ಮಾದರಿಯವು. ಇದರ ಬಾನೆಟ್ಟು ಎತ್ತರ. ಅದಕ್ಕೆ ಕಾರಣವುಂಟು. ಯುದ್ಧಕಾಲದ ಇಂಜಿನಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನಲ್ಲಿದ್ದವು. ಸಿ.ಜೆ. 3 ಬಿಯ ಇಂಜಿನಿನಲ್ಲಿ ಹೊಗೆ ಹೋಗುವ ವಾಲ್ವು ಬ್ಲಾಕಿನಲ್ಲಿಯೇ ಉಳಿದು, ಗಾಳಿ ಬರುವ ವಾಲ್ವು ಮೇಲಿನ ಹೆಡ್ಡಿಗೆ ಏರಿತು. ಇಂಜಿನು ಎತ್ತರವಾಯಿತು, ಬಾನೆಟ್ಟೂ ಏರಿತು. ಅಮೇರಿಕದಲ್ಲಿ ಇದರ ತಯಾರಿ 1953ರಿಂದ 1968ರವರೆಗೆ ಮಾತ್ರ. ನಮ್ಮಲ್ಲಿ ಅದರ ನಂತರವೂ ಬಹುಕಾಲ ನಡೆಯಿತು. 1985ರಲ್ಲಿ ಬಂದ ಎಂ.ಎಂ. 540 ಎಂಬುದು ಪ್ಯೂಜೋ ವಿನ್ಯಾಸದ ಡೀಸೆಲು ಇಂಜಿನಿನ ಜೀಪು. ಅದೂ ಈಗ ಹಳತಾಯಿತು.

ಈಗಿನ ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿಯಿಲ್ಲ. ಬಾಡಿಯೇ ಭಾರ ಹೊರುತ್ತದೆ. ಜೀಪಿನಲ್ಲಿ ಹಾಗಲ್ಲ. ಏಣಿಯಂತಿರುವ ಕಬ್ಬಿಣದ ಚಾಸಿಯೊಂದು ಕೆಳಗೆ. ಅದರ ಮೇಲೆ ಇಂಜಿನು, ಗೇರುಪೆಟ್ಟಿಗೆ, ಬಾಡಿ ಎಲ್ಲವೂ ಬೋಲ್ಟಿನಿಂದ ಕುಳಿತಿವೆ. ಒಂದೊಂದನ್ನೇ ಎತ್ತಿ ಇಡಬಹುದು, ಕೆಟ್ಟದ್ದನ್ನು ಬದಲಿಸಬಹುದು. ಆದಕಾರಣ ಐವತ್ತು ವರ್ಷದ ಜೀಪನ್ನೂ ಹೊಸದಾಗಿ ಕಟ್ಟಲು ಸಾಧ್ಯ. ಆದರೆ ಚಾಸಿಯೇ ಹೋದರೆ ಉಳಿದದ್ದೆಲ್ಲ ಅಡಿಗಟ್ಟಿಲ್ಲದ ಮನೆ.

ಮೊದಲು ಕಾಗದ

ಕಬ್ಬಿಣಕ್ಕಿಂತ ಮೊದಲು ಕಾಗದವನ್ನು ಪರೀಕ್ಷಿಸಬೇಕು. ಆರ್.ಸಿ. ತೆಗೆದು ಅದರಲ್ಲಿರುವ ಚಾಸಿ ನಂಬರು ಮತ್ತು ಇಂಜಿನು ನಂಬರುಗಳನ್ನು ಗಾಡಿಯ ಮೇಲೆ ಕೊರೆದಿರುವುದರೊಂದಿಗೆ ಒಂದೊಂದು ಅಕ್ಷರವಾಗಿ ಹೋಲಿಸಿರಿ. ತೆಳು ಕಾಗದವನ್ನು ನಂಬರಿನ ಮೇಲಿಟ್ಟು ಪೆನ್ಸಿಲು ಉಜ್ಜಿದರೆ ಅಚ್ಚು ಮೂಡುತ್ತದೆ, ಅದನ್ನು ಜೋಪಾನವಾಗಿಡಿರಿ. ಚಾಸಿಯ ತುಕ್ಕು ತೆಗೆಸುವಾಗ ನಂಬರು ಇರುವ ಜಾಗಕ್ಕೆ ಗ್ರೈಂಡರು ಮುಟ್ಟಿಸಲೇಬಾರದು. ನಂಬರು ಅಳಿಸಿದ ಚಾಸಿ ಕಾನೂನಿನ ಕಣ್ಣಿಗೆ ಕಳವಿನ ಮಾಲಿನಂತೆಯೇ ಕಾಣುತ್ತದೆ.

1988ರ ಮೋಟಾರು ವಾಹನ ಕಾಯ್ದೆಯಂತೆ ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕವನ್ನು 2022ರ ಎಪ್ರಿಲಿನಿಂದ ಬಹಳವಾಗಿ ಏರಿಸಿದ್ದಾರೆ; ಗಾಡಿ ಹಳತಾದಷ್ಟೂ ಭಾರ ಹೆಚ್ಚು. ಈಗಿನ ದರವನ್ನೂ ಬಾಕಿ ತೆರಿಗೆಯನ್ನೂ ಸಾರಿಗೆ ಕಚೇರಿಯಲ್ಲಿ ಕೇಳಿ, ಆ ಮೊತ್ತವನ್ನು ನಿಮ್ಮ ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಿರಿ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಕಾಸರಗೋಡು 1956ರ ನವೆಂಬರ 1ರಂದು ಕೇರಳಕ್ಕೆ ಸೇರಿದರೂ ನಮ್ಮಲ್ಲಿ ಅನೇಕರ ವ್ಯಾಪಾರ, ನೆಂಟಸ್ತಿಕೆ ಪುತ್ತೂರು, ಸುಳ್ಯ, ಮಂಗಳೂರುಗಳ ಕಡೆಗೇ ಇವೆ. ಹಳೆಯ ಜೀಪುಗಳೂ ಆ ಕಡೆಯಿಂದ ಬಂದಿರುವುದುಂಟು. ಬೇರೆ ರಾಜ್ಯದ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕೆಂದು ಕಾಯ್ದೆಯ 47ನೆಯ ಕಲಮು ಹೇಳುತ್ತದೆ. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಮಾರಿದವರು ತೀರಿಕೊಂಡಿದ್ದರೆ, ಹೆಸರು ಬದಲಾಗದೆ ಮೂರು ಕೈ ದಾಟಿದ್ದರೆ, ಈ ಪತ್ರಕ್ಕಾಗಿ ಅಲೆಯುವ ಕಷ್ಟ ಇಂಜಿನು ಬಿಚ್ಚುವ ಕಷ್ಟಕ್ಕಿಂತ ದೊಡ್ಡದು. ಹೊಸೂರು, ತಾಳವಾಡಿ, ಜತ್ತ, ಆದವಾನಿಗಳ ವಾಚಕರಿಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಪೆಟ್ರೋಲು ಜೀಪಿಗೆ ಯಾವುದೋ ಡೀಸೆಲು ಇಂಜಿನು ಕೂರಿಸುವ ರೂಢಿ ನಮ್ಮಲ್ಲಿತ್ತು. 52ನೆಯ ಕಲಮಿನಂತೆ ಆರ್.ಸಿ.ಗೂ ತಯಾರಕರ ಮೂಲ ವಿವರಕ್ಕೂ ಹೊಂದದ ಬದಲಾವಣೆ ಸಲ್ಲದು. ಕೇರಳದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಒತ್ತಿ ಹೇಳಿತು. ಇಂಜಿನು ಬದಲಿಸುವುದಿದ್ದರೆ ಮೊದಲು ಅನುಮತಿ, ಆಮೇಲೆ ಕೆಲಸ. ಬಣ್ಣ ಬದಲಿಸಿದರೂ ಆರ್.ಸಿ.ಯಲ್ಲಿ ಬರೆಸಬೇಕು. ಜೀಪೆಂದರೆ ಮಿಲಿಟರಿ ಹಸಿರೇ ಚೆಂದ ಎನ್ನುವವರಿದ್ದಾರೆ. ಆದರೆ ಆ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ಗಾಡಿಗಳ ಹೊರತು ಬೇರಾವುದಕ್ಕೂ ಹಚ್ಚಬಾರದೆಂದು ನಿಯಮವುಂಟು.

50 ವರ್ಷ ದಾಟಿದ ಗಾಡಿಗೆ ‘ವಿಂಟೇಜ್’ ನೋಂದಣಿ 2021ರಿಂದ ಬಂದಿದೆ. ಅದು ಪ್ರದರ್ಶನಕ್ಕೂ ರ‍್ಯಾಲಿಗೂ ಹೊರತು ದಿನನಿತ್ಯದ ಓಡಾಟಕ್ಕಲ್ಲ. ಗೊಬ್ಬರ ಹೊರುವ ಜೀಪಿಗೆ ಆ ಗೌರವ ಬೇಡ.

ಬಿಚ್ಚುವ ಮುನ್ನ ರೋಗಪರೀಕ್ಷೆ

ವೈದ್ಯರು ಶಸ್ತ್ರಕ್ರಿಯೆಗೆ ಮೊದಲು ನಾಡಿ ನೋಡುತ್ತಾರೆ. ಗಾಡಿ ಚಾಲೂ ಆಗುವಂತಿದ್ದರೆ ಬಿಚ್ಚುವ ಮುನ್ನ ಒಂದು ವಾರ ಓಡಿಸಿ, ಕಂಡದ್ದನ್ನು ಬರೆದಿಡಬೇಕು. ಗೇರು ತಾನಾಗಿ ಹಾರುತ್ತದೆಯೇ? ನೀಲಿ ಹೊಗೆಯೇ, ಕಪ್ಪು ಹೊಗೆಯೇ? ನೀಲಿಯೆಂದರೆ ಎಣ್ಣೆ ಉರಿಯುತ್ತಿದೆ. ಕಪ್ಪೆಂದರೆ ಇಂಧನ ಹೆಚ್ಚು. ಕೈಬಿಟ್ಟರೆ ಯಾವ ಬದಿಗೆ ಎಳೆಯುತ್ತದೆ? ಬಿಚ್ಚಿದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಪೆಟ್ರೋಲು ಇಂಜಿನಿನ ನಾಲ್ಕು ಸಿಲಿಂಡರುಗಳ ಒತ್ತಡವನ್ನು ಮೇಸ್ತ್ರಿಯಿಂದ ಅಳೆಯಿಸಿರಿ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಒಂದು ಮಾತ್ರ ಕಡಿಮೆ ಕಂಡರೆ ಅದಕ್ಕೆ ಒಂದು ಚಮಚ ಇಂಜಿನು ಎಣ್ಣೆ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನಿನ ರಿಂಗಿನಲ್ಲಿ. ಏರದಿದ್ದರೆ ವಾಲ್ವಿನಲ್ಲಿ ಅಥವಾ ಹೆಡ್ಡಿನ ಪ್ಯಾಕಿಂಗಿನಲ್ಲಿ ಎಂದು ತಿಳಿಯಬಹುದು. ಡೀಸೆಲು ಇಂಜಿನಿಗೆ ಎಣ್ಣೆ ಬಿಡುವ ಈ ಉಪಾಯ ಮಾಡಬಾರದು.

ಇನ್ನು ಚಾಸಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿರಿ. ಗಟ್ಟಿ ಕಬ್ಬಿಣ ಗಂಟೆಯಂತೆ ಠಣ್ ಎನ್ನುತ್ತದೆ; ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಸ್ಪ್ರಿಂಗು ಕೂರುವ ಕಿವಿಗಳು, ಸ್ಟಿಯರಿಂಗು ಪೆಟ್ಟಿಗೆ ಬಿಗಿದಿರುವ ಜಾಗ, ಹಿಂದಿನ ಅಡ್ಡಪಟ್ಟಿ, ಇವುಗಳನ್ನು ವಿಶೇಷವಾಗಿ ನೋಡಬೇಕು. ಬಿರುಕು ಕಣ್ಣಿಗೆ ಕಾಣದಿದ್ದರೆ ನಮ್ಮ ಶಾಲೆಯ ಸೀಮೆಸುಣ್ಣವೇ ಸಾಕು. ಜಾಗವನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರಸಿ, ಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಚಾಸಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ರೇಖಾಗಣಿತ ಬೇಕು. ಸಮತಟ್ಟಾದ ಸಿಮೆಂಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಎರಡೂ ಬದಿಯ ಸ್ಪ್ರಿಂಗು ಬೋಲ್ಟುಗಳಿಂದ ತೂಕದ ದಾರ ಬಿಟ್ಟು ನೆಲದಲ್ಲಿ ಗುರುತು ಹಾಕಿರಿ. ನಾಲ್ಕು ಗುರುತುಗಳ ಕರ್ಣಗಳನ್ನು ಅಳೆಯಿರಿ. ಆಯತದ ಕರ್ಣಗಳು ಸಮವೆಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಅದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಳೆಯ ಪೆಟ್ಟು ಇದೆಯೆಂದು ಸಂಶಯಿಸಬೇಕು. ಸಿ.ಜೆ. 3 ಬಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಅಂಗುಲ. ಅದನ್ನು ಎರಡೂ ಬದಿ ಅಳೆದು ನೋಡಿರಿ.

ನಾಲ್ಕು ಚಕ್ರಗಳ ಗುಟ್ಟು

ಬಿಡಿಭಾಗ ಕೊಳ್ಳುವ ಮುನ್ನ ಇದೊಂದನ್ನು ತಿಳಿದಿರಬೇಕು. ಮುಂದಿನ ಚಕ್ರಗಳನ್ನೂ ಎಳೆತಕ್ಕೆ ಕೂಡಿಸಿದಾಗ ಮುಂದಿನ, ಹಿಂದಿನ ಎರಡು ಆಕ್ಸಲುಗಳೂ ಒಂದೇ ಲೆಕ್ಕದಲ್ಲಿ ತಿರುಗಬೇಕು. ಸಿ.ಜೆ. 3 ಬಿಯಲ್ಲಿ ಸಾಮಾನ್ಯವಾಗಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಎಂದರೆ ಶಾಫ್ಟು 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಗುಜರಿಯಿಂದ ಬೇರೆ ಗಾಡಿಯ ಹಿಂದಿನ ಆಕ್ಸಲು ತಂದು ಕೂರಿಸಿ, ಮುಂದಿನದು ಹಳೆಯದೇ ಉಳಿದರೆ ಎರಡೂ ಒಂದನ್ನೊಂದು ಎಳೆದಾಡಿ ಎಲ್ಲಿಯೋ ಒಂದು ಕಡೆ ಮುರಿಯುತ್ತದೆ. ಪರೀಕ್ಷಿಸುವುದು ಸುಲಭ: ಎರಡು ಚಕ್ರಗಳನ್ನೂ ಎತ್ತಿ ಎರಡನ್ನೂ ಸಮವಾಗಿ ಒಂದು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತೆಂದು ಎಣಿಸಿರಿ. ಮುಂದೆಯೂ ಹಿಂದೆಯೂ ಉತ್ತರ ಒಂದೇ ಇರಬೇಕು. ಇದೇ ಕಾರಣಕ್ಕೆ ನಾಲ್ಕು ಟಯರುಗಳೂ ಒಂದೇ ಅಳತೆಯವಾಗಿರಬೇಕು. ಡಾಮರು ರಸ್ತೆಯಲ್ಲಿ ಮುಂದಿನ ಎಳೆತವನ್ನು ಕೂಡಿಸಲೂ ಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತದೆ. ಕೆಸರಿನಲ್ಲಿ ಅದು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ; ಡಾಮರಿನಲ್ಲಿ ಜಾರಲು ದಾರಿಯಿಲ್ಲ.

ಬಿಚ್ಚುವ ವಿಧಾನ

ಒಂದು ನೂರು ಪುಟದ ಪುಸ್ತಕ, ಖಾಲಿ ಡಬ್ಬಿಗಳು, ಚೀಟಿ, ದಾರ, ಕೈಯಲ್ಲಿ ಮೊಬೈಲು ಫೋನು. ಇಷ್ಟಿಲ್ಲದೆ ಒಂದು ನಟ್ಟನ್ನೂ ಸಡಿಲಿಸಬಾರದು. ಪ್ರತಿ ಭಾಗವನ್ನು ಬಿಚ್ಚುವ ಮೊದಲು ಎರಡು ದಿಕ್ಕಿನಿಂದ ಚಿತ್ರ ತೆಗೆದು, ಬಿಚ್ಚಿದ ಬೋಲ್ಟುಗಳನ್ನು ಅದೇ ಡಬ್ಬಿಗೆ ಹಾಕಿ ಚೀಟಿ ಕಟ್ಟಬೇಕು. ‘ನೆನಪಿದೆ’ ಎಂಬ ಮಾತನ್ನು ನಂಬಬಾರದು. ಆರು ತಿಂಗಳ ಮೇಲೆ ನೆನಪು ಇರುವುದಿಲ್ಲ.

ಬೇರಿಂಗಿನ ಕ್ಯಾಪುಗಳನ್ನು ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಪೆಟ್ಟುಗುರುತು ಹಾಕಿಯೇ ತೆಗೆಯಬೇಕು. ಕಿಂಗ್‌ಪಿನ್ನಿನ ಕೆಳಗೂ ಮೇಲೂ ಇರುವ ತೆಳು ತಗಡಿನ ಶಿಮ್ಮುಗಳನ್ನು ಆಯಾ ಕ್ಯಾಪಿನ ಜೊತೆಗೇ ಕಟ್ಟಿಡಬೇಕು. ಶಾಫ್ಟಿನ ಎರಡು ತುಂಡುಗಳು ಕೂಡುವಲ್ಲಿ ಗೆರೆ ಎಳೆಯಿರಿ. ತಪ್ಪಿ ಕೂಡಿಸಿದರೆ ಗಾಡಿ ಗದಗುಟ್ಟುತ್ತದೆ. ಹಳೆಯ ಪೆಟ್ರೋಲು ಜೀಪಿನ ಬೋಲ್ಟುಗಳು ಅಂಗುಲದ ಅಳತೆಯವು, ಪ್ಯೂಜೋ ಡೀಸೆಲಿನವು ಮಿಲಿಮೀಟರಿನವು. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ದಾರ ಸವೆದು ಹೋಗುತ್ತದೆ.

ಈ ಜೀಪುಗಳ ಕೈಬ್ರೇಕು ಚಕ್ರದಲ್ಲಿಲ್ಲ, ಗೇರುಪೆಟ್ಟಿಗೆಯ ಹಿಂದೆ ಶಾಫ್ಟಿನ ಬುಡದಲ್ಲಿದೆ. ಆದುದರಿಂದ ಶಾಫ್ಟು ಬಿಚ್ಚಿದ ಕ್ಷಣವೇ ಕೈಬ್ರೇಕು ಇಲ್ಲವಾಯಿತು. ಮೊದಲು ಚಕ್ರಕ್ಕೆ ಮರದ ಅಡೆ ಇಟ್ಟು ಆಮೇಲೆ ಕೆಳಗೆ ನುಗ್ಗಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಹಳೆಯ ಬ್ರೇಕು ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸು ಇರಬಹುದು. ಅದು ಶ್ವಾಸಕೋಶಕ್ಕೆ ವಿಷ. ಊದಬೇಡಿ, ಒದ್ದೆ ಮಾಡಿ ಒರಸಿರಿ.

ನಿಲ್ಲು, ತಿರುಗು, ಓಡು, ಮೆರೆ

ನಿಲ್ಲುವುದು: ಮೂಲ ಜೀಪಿನ ಬ್ರೇಕಿಗೆ ಒಂದೇ ದಾರಿ. ಎಲ್ಲಿ ಸೋರಿದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಆದುದರಿಂದ ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳ ರಬ್ಬರು, ಉಕ್ಕಿನ ಪೈಪು, ರಬ್ಬರು ಹೋಸು, ಇವೆಲ್ಲ ಹೊಸತೇ ಆಗಬೇಕು. ಇಲ್ಲಿ ಉಳಿತಾಯವಿಲ್ಲ. ಬ್ರೇಕಿಗೆ ಬ್ರೇಕು ಎಣ್ಣೆಯನ್ನೇ ಹಾಕತಕ್ಕದ್ದು. ಬೇರೆ ಎಣ್ಣೆ ತಗಲಿದರೆ ರಬ್ಬರು ಉಬ್ಬುತ್ತದೆ. ಕೈಬ್ರೇಕಿನ ಪಕ್ಕದ ಆಯಿಲು ಸೀಲನ್ನೂ ಬದಲಿಸಿರಿ; ಅದು ಸೋರಿದರೆ ಕೈಬ್ರೇಕು ಎಣ್ಣೆಯಲ್ಲಿ ನೆನೆದು ಹಿಡಿಯುವುದಿಲ್ಲ.

ತಿರುಗುವುದು: ಒಂದು ವೇಗದಲ್ಲಿ ಮುಂದಿನ ಚಕ್ರ ಗಡಗಡ ನಡುಗುವ ರೋಗ ಹಳೆಯ ಜೀಪಿಗೆ ಸಾಮಾನ್ಯ. ಸವೆದ ಕಿಂಗ್‌ಪಿನ್ ಬೇರಿಂಗು, ಟೈರಾಡಿನ ಕೊನೆಗಳು, ಸ್ಪ್ರಿಂಗಿನ ಬುಷ್ಷು, ಸಡಿಲವಾದ ಸ್ಟಿಯರಿಂಗು ಪೆಟ್ಟಿಗೆ ಇದರ ಕಾರಣಗಳು. ಒಂದನ್ನು ಬದಲಿಸಿ ಬಿಡುವುದರಿಂದ ಗುಣವಾಗದು. ಎಲ್ಲವನ್ನೂ ಒಮ್ಮೆಗೇ ನೋಡಬೇಕು.

ಓಡುವುದು: ಇಂಜಿನನ್ನು ಲೇತಿನವರು ಅಳೆಯುವ ಮುನ್ನ ಪಿಸ್ಟನು ಕೊಳ್ಳಬೇಡಿ. ಸಿಲಿಂಡರಿನ ಮೂಲ ಅಗಲ 3⅛ ಅಂಗುಲ. ಸವೆತಕ್ಕೆ ತಕ್ಕಂತೆ ಕೊರೆಸಿ, ಆ ಅಳತೆಗೆ ಒಪ್ಪುವ ದಪ್ಪ ಪಿಸ್ಟನು ತರಿಸಬೇಕು. ಮೊದಲೇ ತಂದಿಟ್ಟರೆ ಅಳತೆ ತಪ್ಪಿ ಹಣ ಹಾಳು. ಇನ್ನೊಂದು ಹೊಸ ವಿಚಾರ: ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಬೆರೆತಿರುತ್ತದೆ. ಅದು ಹಳೆಯ ರಬ್ಬರು ಪೈಪನ್ನೂ ಪೆಟ್ರೋಲು ಪಂಪಿನ ಪೊರೆಯನ್ನೂ ಕೆಡಿಸುತ್ತದೆ. ಅದಕ್ಕೆ ತಡೆಯುವ ಪೈಪನ್ನೇ ಕೇಳಿ ಹಾಕಿಸಿರಿ. ವಯರಿಂಗು ಪೂರ್ತಿ ಹೊಸತಾಗಲಿ, ಫ್ಯೂಸಿನೊಂದಿಗೆ. ಇಲಿ ಕಡಿದ ಹಳೆಯ ವಯರು ಮತ್ತು ಪೆಟ್ರೋಲು ಒಂದೆಡೆ ಇರತಕ್ಕವಲ್ಲ.

ಮೆರೆಯುವುದು: ಬಣ್ಣಕ್ಕೆ ಮುನ್ನ ಬಾಡಿಯನ್ನು ಚಾಸಿಯ ಮೇಲೆ ಒಮ್ಮೆ ಕೂರಿಸಿ, ಎಲ್ಲ ತೂತುಗಳೂ ಕೂಡುತ್ತವೆಯೇ ಎಂದು ನೋಡಿರಿ. ವೆಲ್ಡಿಂಗು, ತೂತು ಕೊರೆಯುವುದು ಎಲ್ಲ ಮುಗಿದ ಮೇಲೆಯೇ ಬಣ್ಣ. ತುಕ್ಕು ತೆಗೆದ ಬರಿಯ ಕಬ್ಬಿಣಕ್ಕೆ ಅದೇ ದಿನ ಪ್ರೈಮರು ಬಳಿಯಬೇಕು. ನಮ್ಮ ಕರಾವಳಿಯ ಗಾಳಿಗೆ ಒಂದು ರಾತ್ರಿ ಸಾಕು, ಮತ್ತೆ ತುಕ್ಕು ಹಿಡಿಯುತ್ತದೆ.

ಹಣ ಮತ್ತು ಕಾಲ

ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆಯಿರಿ: ಭಾಗ, ಅದರ ಸ್ಥಿತಿ, ರಿಪೇರಿಯೋ ಹೊಸತೋ, ಅಂದಾಜು. ಬೆಲೆಯನ್ನು ಊಹಿಸಬೇಡಿ, ಎರಡು ಅಂಗಡಿಗಳಲ್ಲಿ ಕೇಳಿ ಬರೆಯಿರಿ. ಮೇಸ್ತ್ರಿಯ ಮಜೂರಿ, ಲೇತು, ಸಾಗಾಟ, ಕಚೇರಿಯ ಶುಲ್ಕ ಇವುಗಳನ್ನೂ ಸೇರಿಸಿರಿ. ಒಟ್ಟು ಬಂದ ಮೊತ್ತಕ್ಕೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಿರಿ. ಬಿಚ್ಚಿದ ಮೇಲೆ ಕಾಣುವ ರೋಗಗಳಿಗೆ ಅದು ಬೇಕಾಗುತ್ತದೆ. ಆ ಪೂರ್ತಿ ಮೊತ್ತ ಕೈಗೆ ಬರುವ ದಾರಿ ಕಾಣದಿದ್ದರೆ ಬಿಚ್ಚಬೇಡಿ. ಅಂಥವರು ಈ ವರ್ಷ ಬ್ರೇಕು, ಮುಂದಿನ ವರ್ಷ ಸ್ಟಿಯರಿಂಗು ಎಂದು, ಗಾಡಿ ಓಡುತ್ತಿರುವಂತೆಯೇ ಒಂದೊಂದಾಗಿ ಸರಿಪಡಿಸಿಕೊಳ್ಳುವುದು ಲೇಸು.

ಕಾಲದ ಲೆಕ್ಕ ಹೀಗೆ. ಮಳೆಗಾಲದಲ್ಲಿ ಕಾಗದಪತ್ರ ಮತ್ತು ಪಟ್ಟಿ. ದೀಪಾವಳಿ ಕಳೆದು ರಸ್ತೆ ಒಣಗಿ ಆಟೋರಿಕ್ಷಾ ಅಂಗಳಕ್ಕೆ ಬರತೊಡಗಿದ ಮೇಲೆ ಬಿಚ್ಚುವುದು. ಲೇತಿನ ಕೆಲಸಕ್ಕೆ ಹೆಚ್ಚು ದಿನ ಹಿಡಿಯುವುದರಿಂದ ಇಂಜಿನನ್ನು ಮೊದಲ ವಾರವೇ ಕಳಿಸಿಬಿಡಬೇಕು. ಡಿಸೆಂಬರಿನೊಳಗೆ ಚಾಸಿ, ಜನವರಿ, ಫೆಬ್ರವರಿಯಲ್ಲಿ ಆಕ್ಸಲು, ಬ್ರೇಕು, ಸ್ಟಿಯರಿಂಗು, ಮಾರ್ಚಿನಲ್ಲಿ ಇಂಜಿನು ಕೂರಿಸುವುದು, ಎಪ್ರಿಲಿನ ಒಣ ಬಿಸಿಲಿನಲ್ಲಿ ಬಣ್ಣ. ಮೇ ತಿಂಗಳ ಆರಂಭದಿಂದ ಖಾಲಿ ಗಾಡಿಯನ್ನು ಹದಿನೈದು ದಿನ ಓಡಿಸಿ, ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು. ಪತ್ತನಾಜೆಗೆ ಯಕ್ಷಗಾನದವರು ಗೆಜ್ಜೆ ಬಿಚ್ಚುವಾಗ ನಮ್ಮ ಜೀಪು ಗೆಜ್ಜೆ ಕಟ್ಟಿ ನಿಂತಿರಬೇಕು.

ಕೈಬಿಡುವ ಧೈರ್ಯ

ಕೊನೆಗೆ ಒಂದು ಕಠಿಣ ಮಾತು. ನಂಬರುಗಳು ಕಾಗದಕ್ಕೆ ಹೊಂದದಿದ್ದರೆ, ಚಾಸಿ ಉದ್ದಕ್ಕೂ ತುಕ್ಕು ತಿಂದು ಕೈಗೆ ಉದುರುವಂತಿದ್ದರೆ, ಅಥವಾ ವೆಚ್ಚ ಒಂದು ಒಳ್ಳೆಯ ಹಳೆಯ ಜೀಪಿನ ಬೆಲೆಯನ್ನು ದಾಟುವಂತಿದ್ದರೆ, ಅಪ್ಪನ ನೆನಪಿಗಾಗಿ ಮಗನ ಹೆಸರಿನಲ್ಲಿ ಸಾಲ ಮಾಡಬಾರದು. ಅಪ್ಪ ಆ ಗಾಡಿ ಕೊಂಡದ್ದು ಮನೆ ನಡೆಯಲೆಂದು.

ನನ್ನ ನೆರೆಯವರ ಜೀಪನ್ನು ಇಬ್ಬರೂ ಕೂಡಿ ಪರೀಕ್ಷಿಸಿದೆವು. ಚಾಸಿ ಎಲ್ಲ ಕಡೆ ಠಣ್ ಎಂದಿತು, ಒಂದು ಕಿವಿಯಲ್ಲಿ ಮಾತ್ರ ಸೀಮೆಸುಣ್ಣ ಗೆರೆ ತೋರಿಸಿತು. ಅದು ಮಾಡಿಸಬಹುದಾದ ಕೆಲಸ. ನಂಬರುಗಳು ಹೊಂದಿದವು. ಆರ್.ಸಿ. ಮಾತ್ರ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಅವರು ಈಗ ಅದರ ಬೆನ್ನು ಹತ್ತಿದ್ದಾರೆ. ಒಂದು ನಟ್ಟನ್ನೂ ಇನ್ನೂ ಮುಟ್ಟಿಲ್ಲ.

ಮೊನ್ನೆ ಸಿಕ್ಕಾಗ ಕೇಳಿದರು: “ಮಾಷ್ಟ್ರೇ, ಬಣ್ಣ ಯಾವುದು ಮಾಡೋಣ?”

“ಬ್ರೇಕಿನ ಹೋಸು ತಂದಿರಾ ಅಣ್ಣಾ?” ಎಂದೆ.

“ಪಟ್ಟಿಯಲ್ಲಿ ಮೊದಲು ಅದನ್ನೇ ಬರೆದಿದ್ದೇನೆ” ಎಂದು ಜೇಬಿನಿಂದ ಪುಸ್ತಕ ತೆಗೆದು ತೋರಿಸಿದರು.